ಎತ್ತರದಲ್ಲಿ ಮರ ಕುಳ್ಳಾಗುವುದು ಆಮ್ಲಜನಕದ ಕೊರತೆಯಿಂದಲ್ಲ

ಪ್ರಶ್ನೆ: ಪರ್ವತದ ಮೇಲೇರಿದಂತೆ ಪೈನ್, ಫರ್, ದೇವದಾರುಗಳಂಥ ಸೂಚಿಪರ್ಣಿ ಮರಗಳು ಕುಳ್ಳಾಗುತ್ತ ಹೋಗಿ, ಒಂದು ಮಟ್ಟದಾಚೆ ಇಲ್ಲವೇ ಆಗುತ್ತವೆ. ಅಲ್ಲಿ ಆಮ್ಲಜನಕ ಕಡಿಮೆ ಇರುವುದೇ ಕಾರಣವಲ್ಲವೇ?

ಅಲ್ಲ. ಈ ಪ್ರಶ್ನೆಗೆ ಹಲವು ಸಲ ಉತ್ತರಿಸಿದ್ದೇನೆ, ಆದರೂ ಆಮ್ಲಜನಕದ ಮಾತು ಪ್ರತಿ ಬಾರಿಯೂ ಮರಳಿ ಬರುತ್ತದೆ. ಆದ್ದರಿಂದ ಈ ಸಲ ಮೊದಲು ಅದನ್ನೇ ಕೈಗೆತ್ತಿಕೊಳ್ಳುತ್ತೇನೆ.

ಎತ್ತರದಲ್ಲಿ ಏದುಸಿರು ಬಿಡುವವರು ನಾವು, ಮರಗಳಲ್ಲ. ನಮ್ಮ ದೇಹ ಸದಾ ಬೆಚ್ಚಗಿರಬೇಕು, ಶ್ವಾಸಕೋಶ ಹಿಡಿದ ಆಮ್ಲಜನಕವನ್ನು ರಕ್ತ ಪ್ರತಿಯೊಂದು ಅಂಗಕ್ಕೂ ಮುಟ್ಟಿಸಬೇಕು. ಹೀಗಾಗಿ ಗಾಳಿಯ ಒತ್ತಡ ಇಳಿದದ್ದು ನಮಗೆ ಬೇಗ ತಿಳಿಯುತ್ತದೆ. ಮರಕ್ಕೆ ಈ ಎರಡು ಹೊರೆಯೂ ಇಲ್ಲ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 70ರಷ್ಟಿರುತ್ತದೆ, ಆಮ್ಲಜನಕವೂ ಅಷ್ಟೇ ಪಾಲು ಸಿಗುತ್ತದೆ, ಮತ್ತು ಮರದ ನಿಧಾನ ಉಸಿರಾಟಕ್ಕೆ ಅದು ಧಾರಾಳ. ಮರಕ್ಕೆ ಆಮ್ಲಜನಕದ ಕೊರತೆ ನಿಜವಾಗಿ ತಟ್ಟುವುದು ಬೇರಿನ ಸುತ್ತ ನೀರು ನಿಂತಾಗ, ಅದೂ ಯಾವ ಎತ್ತರದಲ್ಲಾದರೂ.

ಇದು ಸಾಲದೆನಿಸಿದರೆ ಭೂಪಟ ನೋಡಿ. ಸೈಬೀರಿಯಾದ ತೈಮಿರ್ ಪರ್ಯಾಯದ್ವೀಪದಲ್ಲಿ ಲಾರ್ಚ್ ಕಾಡು 72 ಡಿಗ್ರಿ ಉತ್ತರ ಅಕ್ಷಾಂಶದಾಚೆ ಸ್ವಲ್ಪದರಲ್ಲೇ ಮುಗಿಯುತ್ತದೆ. ಅಲ್ಲಿನ ನೆಲ ಸಮುದ್ರಮಟ್ಟಕ್ಕಿಂತ ಹೆಚ್ಚೇನೂ ಎತ್ತರದಲ್ಲಿಲ್ಲ, ಗಾಳಿಯಲ್ಲಿ ಆಮ್ಲಜನಕಕ್ಕೆ ಬರವಿಲ್ಲ, ಆದರೂ ಮುಂದೆ ಮರವಿಲ್ಲ. ಅತ್ತ ಆಗ್ನೇಯ ಟಿಬೆಟ್‌ನಲ್ಲಿ ಜುನಿಪರ್ ಮರಗಳು ಸುಮಾರು 4,900 ಮೀಟರ್‌ವರೆಗೆ ಏರಿವೆ, ಆಲ್ಪ್ಸ್‌ನಲ್ಲಿ ಮರಗಳು ಅದರ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತವೆ. ಆಮ್ಲಜನಕವೇ ಗಡಿ ಹಾಕುವುದಾಗಿದ್ದರೆ ಆ ಗಡಿ ಎಲ್ಲೆಡೆ ಒಂದೇ ಎತ್ತರದಲ್ಲಿರಬೇಕಿತ್ತು.

ಇಷ್ಟು ಹೇಳಿದ ಮೇಲೆ ಕೆಲವರು ಇಂಗಾಲದ ಡೈಆಕ್ಸೈಡಿನತ್ತ ತಿರುಗುತ್ತಾರೆ. ಅದೂ ಎತ್ತರದಲ್ಲಿ ವಿರಳವಾಗುವುದು ನಿಜ. ಆದರೆ ಕೈಗಾರಿಕೆಗಳು ಬರುವ ಮುಂಚೆ ಗಾಳಿಯಲ್ಲಿ ಅದು ದಶಲಕ್ಷಕ್ಕೆ ಸುಮಾರು 280 ಭಾಗವಿತ್ತು, ಈಗ 420 ದಾಟಿದೆ. ಶೇ. 70ರ ಲೆಕ್ಕ ಹಾಕಿದರೆ 3,000 ಮೀಟರ್ ಮೇಲಿನ ಮರಕ್ಕೆ ಇಂದು ಸಿಗುವ ಪಾಲು, ಅಂದು ಕಡಲತೀರದಲ್ಲಿ ಸೊಂಪಾಗಿ ಬೆಳೆದ ಮರಕ್ಕೆ ಸಿಕ್ಕಿದ್ದಕ್ಕಿಂತ ಕಡಿಮೆಯಲ್ಲ.

ನಿಜವಾದ ಕಾರಣ ತಣ್ಣನೆಯ ಬೇಸಿಗೆ. ಪ್ರತಿ 1,000 ಮೀಟರ್‌ಗೆ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸಸ್ಯವಿಜ್ಞಾನಿ ಕ್ರಿಶ್ಚಿಯನ್ ಕೋರ್ನರ್ ಮತ್ತು ಸಂಗಡಿಗರು ಜಗತ್ತಿನ ಹಲವು ಪರ್ವತಗಳಲ್ಲಿ ಅಳೆದು ನೋಡಿದಾಗ, ಮರಗಳು ನಿಲ್ಲುವ ಗಡಿಯಲ್ಲಿ ಬೆಳವಣಿಗೆಯ ಋತುವಿನ ಸರಾಸರಿ ತಾಪಮಾನ ಬಹುತೇಕ ಎಲ್ಲೆಡೆ 6 ಡಿಗ್ರಿಯ ಆಸುಪಾಸಿನಲ್ಲಿತ್ತು. ಸುಮಾರು 5 ಡಿಗ್ರಿಗಿಂತ ಕೆಳಗೆ ಹೊಸ ಜೀವಕೋಶಗಳು ಹುಟ್ಟುವುದೇ ಬಹುಮಟ್ಟಿಗೆ ನಿಂತುಹೋಗುತ್ತದೆ, ಆದರೆ ಎಲೆಗಳು ಆ ಚಳಿಯಲ್ಲೂ ಸಕ್ಕರೆ ತಯಾರಿಸುತ್ತಿರುತ್ತವೆ. ಗಡಿಯ ಮರಗಳೊಳಗೆ ಪಿಷ್ಟದ ದಾಸ್ತಾನು ಸಾಕಷ್ಟಿರುತ್ತದೆ. ಇಟ್ಟಿಗೆಯ ರಾಶಿ ಬಿದ್ದಿದೆ, ಗೋಡೆ ಕಟ್ಟುವ ಕೈಗಳು ಚಳಿಗೆ ಮರಗಟ್ಟಿವೆ. ನೆಲಕ್ಕಂಟಿದ ಪೊದೆ ಬಿಸಿಲಿಗೆ ಸುತ್ತಲಿನ ಗಾಳಿಗಿಂತ ಬೆಚ್ಚಗಾಗಬಲ್ಲದು. ತಲೆಯೆತ್ತಿ ನಿಂತ ಮರಕ್ಕೆ ಆ ಅನುಕೂಲವಿಲ್ಲ. ಪೊದೆ, ಹುಲ್ಲುಗಳು ಮರಕ್ಕಿಂತ ಮೇಲೆ ಬದುಕುವುದು ಇದರಿಂದಲೇ.

ಇದು ಬೆಳವಣಿಗೆಯ ಮಾತಾಯಿತು, ಮರದ ಆರೋಗ್ಯದ ಮಾತು ಬೇರೆ. ಚಳಿಗಾಲದ ಕೊನೆಯಲ್ಲಿ ನೆಲ ಹೆಪ್ಪುಗಟ್ಟಿರುವಾಗಲೇ ಬಿಸಿಲು, ಗಾಳಿಗೆ ಎಲೆಗಳ ನೀರು ಆರಿ, ಹಿಮದಿಂದ ಹೊರಚಾಚಿದ ರೆಂಬೆಗಳು ಕಂದುಬಣ್ಣಕ್ಕೆ ತಿರುಗುತ್ತವೆ. ಹಿಮದೊಳಗೆ ಹುದುಗಿದ ರೆಂಬೆಗಳು ಈ ಗಂಡಾಂತರದಿಂದ ಪಾರಾದರೂ ಅವಕ್ಕೆ ಕಪ್ಪು ಬೂಷ್ಟು ಹಿಡಿಯಬಹುದು.

ಹಾಗಾದರೆ ಕುಳ್ಳ ಮರವೆಂದರೆ ರೋಗಿಷ್ಠ ಮರವೇ? ಇದನ್ನು ಯಾರೂ ಕೇಳಿಲ್ಲ, ಕೇಳಬೇಕಿತ್ತು. ಕ್ಯಾಲಿಫೋರ್ನಿಯಾದ ವೈಟ್ ಪರ್ವತಗಳಲ್ಲಿ ಸುಮಾರು 3,000 ಮೀಟರ್ ಎತ್ತರದಲ್ಲಿ ಬೆಳೆಯುವ ಬ್ರಿಸಲ್‌ಕೋನ್ ಪೈನ್‌ಗಳಲ್ಲಿ ಒಂದಕ್ಕೆ 4,800 ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ನಿಧಾನವಾಗಿ ಬೆಳೆದದ್ದರಿಂದಲೇ ಅವುಗಳ ಕಟ್ಟಿಗೆ ದಟ್ಟ, ಅಂಟುಭರಿತ. ಹುಳುವಿಗೂ ಶಿಲೀಂಧ್ರಕ್ಕೂ ಸುಲಭದ ತುತ್ತಲ್ಲ. ಅದೇ ಜಾತಿಯ, ಮೇಲಿನ ಗಡಿಯಂಚಿನಲ್ಲಿರುವ ಮರಗಳು 20ನೇ ಶತಮಾನದ ಉತ್ತರಾರ್ಧದಲ್ಲಿ ಹಿಂದಿನ ಮೂರು ಸಾವಿರಕ್ಕೂ ಹೆಚ್ಚು ವರ್ಷಗಳಲ್ಲಿ ಕಾಣದಷ್ಟು ಅಗಲವಾದ ವಾರ್ಷಿಕ ಉಂಗುರಗಳನ್ನು ಕಾಂಡದಲ್ಲಿ ಕಟ್ಟಿವೆ. ಆ ಅವಧಿಯಲ್ಲಿ ಅಲ್ಲಿ ಆಮ್ಲಜನಕ ಹೆಚ್ಚಾಗಿರಲಿಲ್ಲ, ಬೇಸಿಗೆ ಬೆಚ್ಚಗಾಗಿತ್ತು.