ಬರುತ್ತೋ ಇಲ್ವೋ ಅನ್ನೋದೇ ಚಟ

ಕಕ್ಕಡ ತಿಂಗಳ ಮಳೆಗೆ ಕೊಡಗಿನಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಸಿಗ್ನಲ್ ಇಲ್ಲ ಅಂತ ಗೊತ್ತಿದ್ದೂ ಪಿಯುಸಿ ಹುಡುಗ ಫೋನ್ ತೆಗೆದು ನೋಡುತ್ತಾನೆ. ಜೇಬಿಗಿಡುತ್ತಾನೆ. ಮತ್ತೆ ತೆಗೆಯುತ್ತಾನೆ. ದೃಷ್ಟಿಯಾಗಿದೆ ಅಂತ ನೂಲು ಕಟ್ಟಿಸುವವರಿದ್ದಾರೆ. 'ಎಲ್ಲಾ ಡೋಪಮೈನ್, ಖುಷಿ ಕೊಡುವ ರಾಸಾಯನಿಕ' ಅನ್ನುವವರೂ ಇದ್ದಾರೆ. ನನಗೆ ಸಿಟ್ಟು ಜಾಸ್ತಿ ಬರುವುದು ಇವರ ಮೇಲೆ. ವಿಜ್ಞಾನದ ವೇಷದಲ್ಲಿ ಬರ್ತಾರಲ್ಲ!

ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಕೋತಿಗಳ ಮೆದುಳಿನ ಡೋಪಮೈನ್ ಕೋಶಗಳನ್ನು ಗಮನಿಸಿದರು. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಕೋಶಗಳು ಚುರುಕಾಗುತ್ತಿದ್ದವು. ರಸಕ್ಕೆ ಮುಂಚೆ ದೀಪ ಹತ್ತುತ್ತದೆ ಅಂತ ಕೋತಿ ಕಲಿತ ಮೇಲೆ ದೀಪಕ್ಕೇ ಚುರುಕು, ರಸಕ್ಕೆ ಸುಮ್ಮನೆ. ದೀಪ ಹತ್ತಿಯೂ ರಸ ಬಾರದಿದ್ದರೆ ಇದ್ದ ಚಟುವಟಿಕೆಯೂ ಕುಸಿಯುತ್ತಿತ್ತು. 2003ರಲ್ಲಿ ಅವರ ತಂಡ ಇನ್ನೊಂದು ವಿಷಯ ಕಂಡಿತು: ರಸ ಬರುವುದು ಅರ್ಧಕ್ಕರ್ಧ ಅನುಮಾನವಿದ್ದಾಗ, ಕಾಯುವ ಹೊತ್ತಿನಲ್ಲಿ ಈ ಕೋಶಗಳ ಚಟುವಟಿಕೆ ಎಲ್ಲಕ್ಕಿಂತ ಜಾಸ್ತಿ. ಅಂದರೆ ಇವು ಲೆಕ್ಕ ಇಡುವುದು ಬರೀ ಖುಷಿಯದ್ದಲ್ಲ, ನಿರೀಕ್ಷೆಯದ್ದು.

ಮಳೆಗಾಲದಲ್ಲಿ ತೋಟದೊಳಗೆ ಅಣಬೆ ಹುಡುಕಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಇವತ್ತು ಜಿಗಣೆ ಕಚ್ಚಿಸಿಕೊಂಡು ಬರಿಗೈ, ನಾಳೆ ಒಂದೇ ಹುತ್ತದ ಬುಡದಲ್ಲಿ ಬುಟ್ಟಿ ತುಂಬ. ನಾಡಿದ್ದು ಹೋಗದೆ ಇರ್ತೀರಾ? ರೀಲ್ಸೂ ಹೀಗೇ, ಅಲ್ಲಿ ಜಿಗಣೆಯೂ ಇಲ್ಲ.

ಆಗೊಮ್ಮೆ ಈಗೊಮ್ಮೆ ಸಿಕ್ಕಿದ್ದರ ಅಭ್ಯಾಸ ಬೇಗ ಬಿಡುವುದೂ ಇಲ್ಲ. ಮನೋವಿಜ್ಞಾನಿ ಸ್ಕಿನ್ನರ್ ಅವರ ಪ್ರಯೋಗದಲ್ಲಿ, ಕುಕ್ಕಿದರೆ ಆಗಾಗ ಮಾತ್ರ ಕಾಳು ಸಿಗುತ್ತಿದ್ದ ಪಾರಿವಾಳಗಳು ಕಾಳು ಬರುವುದು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಿದ್ದವು. ಅದಕ್ಕೇ, ಫೋನ್ ಕಿತ್ತುಕೊಂಡು, ಮಗ ಅರಚಿದ ದಿನ ಮಾತ್ರ ವಾಪಸ್ ಕೊಡುವ ಅಪ್ಪ ಅರಚುವುದನ್ನೇ ಕಲಿಸುತ್ತಿರುತ್ತಾನೆ. ದಿನಾ ಒಂದೇ ಹೊತ್ತಿಗೆ ಕೊಡಿ, ನೋಟಿಫಿಕೇಶನ್ ಬಂದ್ ಮಾಡಿಸಿ. ಅನುಮಾನ ಹೋದರೆ ಸೆಳೆತವೂ ಎಷ್ಟೋ ಸಡಿಲವಾಗುತ್ತದೆ.

ಈ ಉಪಾಯ ತಂಬಾಕಿಗೆ, ಗಾಂಜಾಕ್ಕೆ ನಡೆಯಲ್ಲ. 'ಫೋನೂ ಒಂದು ಡ್ರಗ್ಸೇ' ಎಂಬ ಮಾತು ಎಡವುವುದು ಇಲ್ಲೇ. ರಸ ಖಚಿತವಾದರೆ ಕೋಶ ಸುಮ್ಮನಾಗುತ್ತದೆ, ಸರಿ. ಆದರೆ ನಿಕೋಟಿನ್ ನೇರವಾಗಿ ಕೋಶವನ್ನೇ ಕೆಣಕುತ್ತದೆ; ನಿರೀಕ್ಷಿಸಿದ್ದರೂ ಡೋಪಮೈನ್ ಸುರಿಯುತ್ತದೆ. ತಡೆ ಹಾಕುವ ಮುಂಭಾಗದ ಮೆದುಳು ಬಲಿಯಲು 20 ದಾಟಿ ಇನ್ನೂ ಕೆಲವು ವರ್ಷ ಬೇಕು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಅನ್ನುವ 2003ರ ಕಾನೂನು ಸುಮ್ನೆ ಬಂದಿದ್ದಲ್ಲ. ತಂಬಾಕು, ಗಾಂಜಾ ಹಿಡಿದ ಹುಡುಗನಿಗೆ ಟೈಮ್‌ಟೇಬಲ್ ಅಲ್ಲ, ಡಾಕ್ಟರು ಬೇಕು. ದೂರ ಅನಿಸಿದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.