ಮೆಲುದನಿಯ ಮಕ್ಕಳು ಶಾಲೆಯಿಂದ ಜಾರುವ ಬಗೆ

ಪುಣೆಯ ವಾಘೋಲಿ, ಹಡಪ್ಸರ್ ಕಡೆ ಏಳುತ್ತಿರುವ ಕಟ್ಟಡಗಳ ಪಕ್ಕ ತಗಡಿನ ಶೆಡ್ಡುಗಳಿವೆ. ಅಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕುಟುಂಬಗಳು ಸಿಗುತ್ತವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕಟ್ಟಡ ಮುಗಿದರೆ ಬೇರೆ ಸೈಟು, ಬೇರೆ ಶಾಲೆ. ಈ ಮಕ್ಕಳು ಹತ್ತು ಹನ್ನೆರಡರ ವಯಸ್ಸಿಗೇ ಶಾಲೆ ಬಿಡುವುದಕ್ಕೆ ಬಡತನ, ಅಲೆದಾಟವೇ ದೊಡ್ಡ ಕಾರಣ. ಆದರೆ ಒಂದೇ ಶೆಡ್ಡಿನಲ್ಲಿ ಅಣ್ಣ ಶಾಲೆ ಬಿಡುತ್ತಾನೆ, ತಂಗಿ ಹೋಗುತ್ತಲೇ ಇರುತ್ತಾಳೆ. ಕಷ್ಟ ಇಬ್ಬರಿಗೂ ಒಂದೇ ಅಲ್ವಾ? ಹಾಗಾಗಿ ಹುಟ್ಟುಗುಣದ ಕಡೆಗೂ ನೋಡಬೇಕು.

ನ್ಯೂಯಾರ್ಕ್‌ನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಿಂದ 133 ಮಕ್ಕಳನ್ನು ಎಳೆತನದಿಂದಲೇ ಗಮನಿಸುತ್ತಾ ಬಂದರು. ಸುಮಾರು 40% ಮಕ್ಕಳು ಎಲ್ಲಿಟ್ಟರೂ ಹೊಂದಿಕೊಂಡರು. 10% ಮಕ್ಕಳಿಗೆ ಸಿಟ್ಟು, ಹಠ ಜಾಸ್ತಿ. 15% ಮಕ್ಕಳು ಹೊಸದೇನು ಕಂಡರೂ ಹಿಂದೆ ಸರಿದು, ನಿಧಾನಕ್ಕೆ ಬೆರೆಯುವವರು. ಉಳಿದವರು ಯಾವ ಗುಂಪಿಗೂ ಸರಿಯಾಗಿ ಸೇರಲಿಲ್ಲ. ಯಾವ ಸ್ವಭಾವವೂ ತಾನಾಗಿ ಕೆಟ್ಟದ್ದಲ್ಲ, ಮಗುವಿನ ಗುಣಕ್ಕೂ ಸುತ್ತಲಿನವರು ಕೇಳುವುದಕ್ಕೂ ತಾಳೆಯಾಗದಿದ್ದಾಗ ತೊಂದರೆ ಶುರುವಾಗುತ್ತದೆ ಎಂದರು ಅವರು.

ಹಠದ ಹುಡುಗ ಬೈಸಿಕೊಂಡಾದರೂ ಮಾಸ್ತರರ ಕಣ್ಣಿಗೆ ಬೀಳುತ್ತಾನೆ. ನನಗೆ ಜಾಸ್ತಿ ಚಿಂತೆ ಮೂರನೇ ಗುಂಪಿನದು. ಐದನೇ ತರಗತಿಯ ಒಬ್ಬ ಹುಡುಗನನ್ನು ನೋಡಿದ್ದೇನೆ. ಹೊಸ ಶಾಲೆ, ಕೊನೆಯ ಸಾಲು. ಹೆಸರು ಕೂಗಿದಾಗ ತುಟಿ ಅಲ್ಲಾಡಿತು, ‘ಹಜರ್’ ಅನ್ನುವ ದನಿ ಮುಂದಿನ ಸಾಲನ್ನೂ ಮುಟ್ಟಲಿಲ್ಲ. ಗೈರು ಬಿತ್ತು. ಅವನು ತಿದ್ದಿಸಲೂ ಹೋಗಲಿಲ್ಲ. ಕೆಲವೇ ದಿನಗಳಲ್ಲಿ ತಮ್ಮನನ್ನು ನೋಡಿಕೊಳ್ಳಲು ಸೈಟಿನಲ್ಲೇ ಉಳಿದ. ‘ನಮ್ಮ ಹುಡುಗ ಭಾಳ ಶಾಣ್ಯಾ ಅದಾನ್ರಿ, ಯಾರ ಗೋಜಿಗೂ ಹೋಗಂಗಿಲ್ಲ’ ಅಂತ ಅವನ ತಾಯಿ ಮೆಚ್ಚಿಕೊಂಡೇ ಹೇಳಿದರು. ಇಂಥ ಮಗುವಿಗೆ ಬೇಕಾದದ್ದು ಹೊತ್ತು. ಸೈಟು ಬದಲಾದಾಗಲೆಲ್ಲ ಆ ಹೊತ್ತೇ ಕೈತಪ್ಪುತ್ತದೆ.

ಸ್ವಭಾವದ ಇನ್ನೊಂದು ಮುಖ, ತನ್ನನ್ನು ತಾನೇ ತಡೆದುಕೊಳ್ಳುವ ಹಿಡಿತ. ನ್ಯೂಜಿಲೆಂಡ್‌ನ ಡ್ಯುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳ ಈ ಹಿಡಿತವನ್ನು 3ರಿಂದ 11ನೇ ವಯಸ್ಸಿನವರೆಗೆ ಅಳೆದರು. ಅದು ಕಡಿಮೆ ಇದ್ದವರು ಬೇಗ ಶಾಲೆ ಬಿಟ್ಟದ್ದು ಜಾಸ್ತಿ ಎಂದು 2011ರಲ್ಲಿ ತಿಳಿಯಿತು. ಇದನ್ನು ಹಣೆಬರಹ ಅಂದುಕೊಳ್ಳಬೇಡಿ. ದೊಡ್ಡವರಾಗುತ್ತಾ ಹಿಡಿತ ಸುಧಾರಿಸಿದವರ ಬದುಕೂ ಸುಧಾರಿಸಿತ್ತು. ಅದಕ್ಕೆ ಬೇಕಾದ ಮಿದುಳಿನ ಮುಂಭಾಗ 20 ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ರಾತ್ರಿಯಿಡೀ ಕಾಂಕ್ರೀಟ್ ಮಿಕ್ಸರ್ ಸದ್ದಿನಲ್ಲಿ ನಿದ್ದೆಗೆಟ್ಟ ಮಗು ಬೆಳಿಗ್ಗೆ ಸಿಡುಕಿದರೆ ಸುಮ್ನೆ ‘ಮೊಂಡ’ ಅನ್ನುವುದು ಅನ್ಯಾಯ.

ಮೊದಲ ಸುಳಿವು ಸಿಗುವುದು ಹಾಜರಿ ಪುಸ್ತಕದಲ್ಲೇ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನೇ ತರಗತಿಯ ಹಾಜರಿ 80%ಕ್ಕಿಂತ ಇಳಿದ ಮಕ್ಕಳಲ್ಲಿ ಹೆಚ್ಚಿನವರು ಶಾಲೆ ಮುಗಿಸಲಿಲ್ಲ. ಮಾಸ್ತರರೇ, ಮೆಲುದನಿಯ ಮಗುವನ್ನು ಕನ್ನಡ ಬಲ್ಲ ಜೊತೆಗಾರನ ಪಕ್ಕ ಕೂರಿಸಿ. ಉತ್ತರಕ್ಕೆ ಕೈ ಎತ್ತಿದರೂ ಸಾಕು ಅನ್ನಿ. ಪೋಷಕರಿಗೆ ಒಂದು ಮಾತು: ಊರು ಬದಲಾದಾಗ ಟಿ.ಸಿ. ಬರಲಿ ಎಂದು ಕಾಯುತ್ತಾ ಮಗುವನ್ನು ಶೆಡ್ಡಿನಲ್ಲಿ ಕೂರಿಸಬೇಡಿ. ಟಿ.ಸಿ. ತಡವಾಯಿತೆಂದು 6ರಿಂದ 14 ವರ್ಷದ ಮಗುವನ್ನು ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಹೊಸ ಊರಿಗೆ ಹೋದ ಮೊದಲ ವಾರದಲ್ಲೇ ಹತ್ತಿರದ ಶಾಲೆಗೆ ಸೇರಿಸಿ.