ಮರಳು ಚೀಲ ಕೆಳಗಿಡಿ: ಸೆಂಟರ್‌ಗೆ ಹೊರಟವರ ಹಳೇ ಪ್ರಶ್ನೆ, ಮತ್ತೊಮ್ಮೆ ಉತ್ತರ

ಪ್ರಶ್ನೆ: ಸರ್, ಅಗ್ನಿವೀರ್ ಫೈನಲ್ ಲಿಸ್ಟಲ್ಲಿ ಹೆಸರು ಬಂದಿದೆ. ಟ್ರೈನಿಂಗ್ ಸೆಂಟರ್‌ಗೆ ರಿಪೋರ್ಟ್ ಮಾಡೋಕೆ ಇನ್ನೂ ಎರಡು ತಿಂಗಳಿದೆ. ಮಿಲಿಟರಿ ಬೂಟು ಹಾಕ್ಕೊಂಡು, ಬೆನ್ನಿಗೆ ಮರಳು ಚೀಲ ಕಟ್ಕೊಂಡು ದಿನಾ ಹತ್ತು ಕಿಲೋಮೀಟರ್ ಓಡಿದ್ರೆ ಅಲ್ಲಿ ಸುಲಭ ಆಗುತ್ತಲ್ವಾ?

ಆಗಲ್ಲ. ಕಷ್ಟ ಆಗುತ್ತೆ. ಲಿಸ್ಟ್ ಬಿದ್ದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ, ಊರು ಮಾತ್ರ ಬೇರೆ. ಒಬ್ಬರಿಗೆ ಮರಳು ಚೀಲ, ಇನ್ನೊಬ್ಬರಿಗೆ ಇಟ್ಟಿಗೆ ತುಂಬಿದ ಶಾಲಾ ಬ್ಯಾಗು, ಮತ್ತೊಬ್ಬರಿಗೆ ಕಾಲಿಗೆ ಕಟ್ಟುವ ತೂಕ. ಉತ್ತರ ಮೂವರಿಗೂ ಒಂದೇ: ಬೇಡ. ಈ ಸಲ ಯಾಕೆ ಬೇಡ ಎಂಬುದನ್ನೂ ಪೂರ್ತಿ ಬರೆದುಬಿಡುತ್ತೇನೆ, ಮುಂದಿನ ವರ್ಷ ಇದನ್ನೇ ತೋರಿಸಬಹುದು.

ಮೊದಲು ಸುಲಭದ ವಿಷಯ. ನೀವು ಸಂತೆಯಲ್ಲೋ ಮಿಲಿಟರಿ ಸಾಮಾನಿನ ಅಂಗಡಿಯಲ್ಲೋ ಕೊಂಡ ಬೂಟು ಅಲ್ಲಿ ನಿಮ್ಮ ಕಾಲಿನಲ್ಲಿ ಇರುವುದೇ ಇಲ್ಲ. ಬೂಟು, ಪಿ.ಟಿ. ಶೂ, ಸಾಕ್ಸ್ ಎಲ್ಲವೂ ಸೆಂಟರ್‌ನ ಸ್ಟೋರ್‌ನಿಂದಲೇ ಇಶ್ಯೂ ಆಗುತ್ತವೆ. ಎರಡು ತಿಂಗಳು ನೀವು ಪಳಗಿಸುವುದು ಮನೆಯಲ್ಲೇ ಉಳಿಯುವ ಬೂಟನ್ನು. ಅದರ ಬದಲು ಸ್ಟೋರ್‌ನ ಸಾಲಿನಲ್ಲಿ ನಿಂತಾಗ ಏನು ಮಾಡಬೇಕು ಅನ್ನುವುದನ್ನು ಕಲಿತು ಹೋಗಿ. ದಪ್ಪ ಸಾಕ್ಸ್ ಹಾಕಿಕೊಂಡೇ ಬೂಟು ಹಾಕಿ ನೋಡಿ, ಎದ್ದು ನಿಂತು ನೋಡಿ. ಬೆರಳ ತುದಿಗೂ ಬೂಟಿನ ಮೂತಿಗೂ ನಡುವೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ನಾಲ್ಕು ಹೆಜ್ಜೆ ಹಾಕಿದರೆ ಹಿಮ್ಮಡಿ ಒಳಗೆ ಎದ್ದೆದ್ದು ಬೀಳಬಾರದು. ಹಿಂದೆ ಐವತ್ತು ಜನ ಕಾಯುತ್ತಿದ್ದಾರೆಂದು ಸಂಕೋಚಪಟ್ಟು "ಸರಿ ಇದೆ" ಅಂದುಬಿಟ್ಟವರ ಹಿಮ್ಮಡಿಯಲ್ಲಿ ಮೂರನೇ ದಿನಕ್ಕೆ ಬೊಬ್ಬೆ. ಸಾಲದಿದ್ದರೆ ಅವತ್ತೇ ಹೇಳಿ ಬದಲಿಸಿಕೊಳ್ಳಿ. ವಾರ ಹಾಕಿಕೊಂಡು ಸವೆಸಿದ ಮೇಲೆ ಕೇಳಿದರೆ ಯಾರೂ ಖುಷಿಯಿಂದ ಕೊಡುವುದಿಲ್ಲ.

ಈಗ ಹತ್ತು ಕಿಲೋಮೀಟರಿನ ವಿಷಯ. "ಜಾಸ್ತಿ ಓಡಿದಷ್ಟೂ ಕಾಲು ಗಟ್ಟಿ" ಎಂಬ ಮಾತು ಅರ್ಧ ನಿಜ. ಅರ್ಧ ನಿಜವಾದ್ದರಿಂದಲೇ ಇದು ಸಾಯುತ್ತಿಲ್ಲ. ಓಟ ಹೆಚ್ಚಿಸಿದರೆ ಎರಡು ಮೂರು ವಾರದಲ್ಲಿ ಉಸಿರು ಹಿಡಿತಕ್ಕೆ ಬರುತ್ತದೆ, ಇನ್ನೊಂದಿಷ್ಟು ವಾರಕ್ಕೆ ಮೀನಖಂಡ ತೊಡೆ ಬಲಿಯುತ್ತವೆ. ನಿಮಗೆ ಕಾಣುವುದೂ ಇಷ್ಟೇ: ಏದುಸಿರು ಕಡಿಮೆಯಾಯಿತು, ಟೈಮಿಂಗ್ ಇಳಿಯಿತು, ಅಂದರೆ ಕಾಲು ಗಟ್ಟಿಯಾಯಿತು. ಮೂಳೆಯ ಲೆಕ್ಕ ಬೇರೆ. ಹೊಸ ಭಾರ ಬಿದ್ದಾಗ ಮೂಳೆ ತಕ್ಷಣ ದಪ್ಪ ಆಗುವುದಿಲ್ಲ, ಮೊದಲು ತನ್ನ ಹಳೆಯ ಭಾಗವನ್ನು ತಾನೇ ಕೆರೆದು ತೆಗೆಯುತ್ತದೆ. ಅದಕ್ಕೆ ಸುಮಾರು ಮೂರು ವಾರ ಬೇಕು. ಆ ಜಾಗದಲ್ಲಿ ಹೊಸ ಮೂಳೆ ತುಂಬಿ ಬಲಿಯಲು ಮೂರು ತಿಂಗಳ ಆಸುಪಾಸು. ನಡುವಿನ ದಿನಗಳಲ್ಲಿ ಆ ಜಾಗ ಮೊದಲಿಗಿಂತ ದುರ್ಬಲ. ಹೆಂಚಿನ ಮನೆಯಲ್ಲಿ ರೀಪು ಬದಲಿಸಲೆಂದು ಹೆಂಚು ಇಳಿಸಿದ ವಾರವೇ ಜಡಿಮಳೆ ಹಿಡಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ರಿಪೇರಿಯಲ್ಲಿ ತಪ್ಪಿಲ್ಲ, ಮಳೆ ಬಿದ್ದ ಹೊತ್ತು ತಪ್ಪು.

ಓಡುವಾಗ ಪ್ರತಿ ಹೆಜ್ಜೆಗೂ ನಿಮ್ಮ ತೂಕದ ಎರಡರಿಂದ ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. 60 ಕಿಲೋದ ಹುಡುಗನಿಗೆ ಒಂದು ಹೆಜ್ಜೆ ಅಂದರೆ ಅಂದಾಜು 150 ಕಿಲೋ. ಹತ್ತು ಕಿಲೋಮೀಟರಿಗೆ ಎಂಟು ಸಾವಿರಕ್ಕೂ ಹೆಚ್ಚು ಹೆಜ್ಜೆ. ಇದರ ಮೇಲೆ ಹತ್ತು ಕಿಲೋ ಮರಳು ಹೊತ್ತರೆ ಪೆಟ್ಟು ಇನ್ನೂ ಹೆಚ್ಚುತ್ತದೆ. ಗಡಸು ಅಡಿಯ ಬೂಟಿನಲ್ಲಿ ಪಾದ ಬಾಗುವುದಿಲ್ಲ, ದಣಿದ ಸ್ನಾಯು ಪೆಟ್ಟನ್ನು ನುಂಗುವುದಿಲ್ಲ, ಎಲ್ಲವೂ ನೇರ ಮೊಣಕಾಲಿನ ಕೆಳಗಿನ ಮೂಳೆಗೆ ಹೋಗುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಇದಕ್ಕೆ ಸ್ಟ್ರೆಸ್ ಫ್ರಾಕ್ಚರ್ ಅನ್ನುತ್ತಾರೆ.

ಇದು ಇಂದಿನ ಹುಡುಗರು ಮೆತ್ತಗಾಗಿದ್ದಾರೆ ಎಂಬ ಕಾರಣಕ್ಕೆ ಬಂದ ರೋಗವಲ್ಲ. 1855ರಲ್ಲೇ ಪ್ರಷ್ಯಾ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್, ದೂರ ಮಾರ್ಚ್ ಮಾಡಿದ ಸೈನಿಕರ ಪಾದ ಊದಿ ನೋಯುವುದನ್ನು ಬರೆದಿಟ್ಟಿದ್ದ. ಎಕ್ಸ್-ರೇ ಬಂದದ್ದು 1895ರಲ್ಲಿ. ಊದಿದ ಆ ಪಾದದೊಳಗೆ ಮುರಿದ ಮೂಳೆ ಇತ್ತೆಂದು ಗೊತ್ತಾದದ್ದು ಅದಾದ ಮೇಲೆ. ಇಂದಿಗೂ ಪ್ರಪಂಚದ ಬಹುತೇಕ ಸೈನ್ಯಗಳಲ್ಲಿ ಹೊಸ ರಂಗ್ರೂಟರನ್ನು (ತರಬೇತಿಗೆ ಸೇರಿದವರನ್ನು) ಕೂರಿಸಿಬಿಡುವ ಗಾಯಗಳ ಪಟ್ಟಿಯಲ್ಲಿ ಇದು ಇದ್ದೇ ಇರುತ್ತದೆ.

ನಿಮ್ಮ ಲೆಕ್ಕಾಚಾರ ಕೆಡುವುದು ಇಲ್ಲಿ. ಲಿಸ್ಟ್ ಬರುವವರೆಗೆ ಮೈದಾನದಲ್ಲಿ ಓಡಿರುತ್ತೀರಿ. ಆಮೇಲೆ ಸನ್ಮಾನ, ದೇವಸ್ಥಾನ, ನೆಂಟರ ಮನೆ ಅಂತ ತಿಂಗಳುಗಟ್ಟಲೆ ಓಟ ಬಿಡುತ್ತೀರಿ. ಹೊರಡಲು ಕೆಲವೇ ವಾರ ಇರುವಾಗ ಹೆದರಿಕೆ ಹುಟ್ಟಿ ಬೂಟು, ಮರಳು, ಹತ್ತು ಕಿಲೋಮೀಟರ್. ಮೂಳೆ ಕೆರೆದು ತೆಳುವಾದ ಆ ಮೂರನೇ ನಾಲ್ಕನೇ ವಾರಕ್ಕೆ ಸರಿಯಾಗಿ ನೀವು ಸೆಂಟರ್‌ನ ಗೇಟಿನಲ್ಲಿ ಇರುತ್ತೀರಿ. ಅಲ್ಲಿ ಬೆಳಿಗ್ಗೆ ಪಿ.ಟಿ., ಆಮೇಲೆ ಡ್ರಿಲ್, ಸಂಜೆ ಆಟ, ನಡುವೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಡಬಲ್‌ನಲ್ಲಿ ಓಟ. ಡ್ರಿಲ್ ಅಂದರೆ ಬರೀ ನಡಿಗೆ ಅಂದುಕೊಳ್ಳಬೇಡಿ. ನಿಮಿಷಕ್ಕೆ 120 ಹೆಜ್ಜೆಯ ತೇಜ್ ಚಲ್ (ಬಿರುಸು ನಡಿಗೆ), ನಿಲ್ಲುವ ಪ್ರತಿ ಥಮ್‌ಗೂ ತಿರುಗುವ ಪ್ರತಿ ಮುಡ್‌ಗೂ ಮೊಣಕಾಲು ಎತ್ತಿ ಕಾಂಕ್ರೀಟಿಗೆ ಹಿಮ್ಮಡಿ ಬಡಿಯುವುದು. ಅದೂ ಅದೇ ಮೂಳೆಗೆ.

"ನಮ್ಮ ಚಿಕ್ಕಪ್ಪ ಹೀಗೇ ಓಡಿ ಹೋಗಿದ್ದು, ಅವರಿಗೇನೂ ಆಗಲಿಲ್ಲ" ಅನ್ನುವವರಿಗೆ: ಆಗದವರು ಊರಿಗೆ ಬಂದು ಹೇಳುತ್ತಾರೆ, ಆದವರು ಹೇಳುವುದಿಲ್ಲ. ಅಷ್ಟೇ ವ್ಯತ್ಯಾಸ.

ಇನ್ನೊಂದು ಮಾತು. ಬೆನ್ನಿಗೆ ಪ್ಯಾಕು, ಕೈಯಲ್ಲಿ ರೈಫಲ್ ಹಿಡಿದು ಓಡುವ 5 ಕಿಲೋಮೀಟರಿನ ಬಿಪಿಇಟಿ (ಯುದ್ಧಕ್ಕೆ ಬೇಕಾದ ದೈಹಿಕ ಕ್ಷಮತೆಯ ಪರೀಕ್ಷೆ) ಓಟವನ್ನು ಮೊದಲ ವಾರ ಯಾರೂ ನಿಮ್ಮಿಂದ ಕೇಳುವುದಿಲ್ಲ. ಪದಾತಿ ದಳದ ಅಗ್ನಿವೀರರ ತರಬೇತಿ 31 ವಾರ. ಮೊದಲು ಬರಿ ಮೈಯಲ್ಲಿ ಓಟ, ಆಮೇಲೆ ಬೂಟು, ಆಮೇಲೆ ರೈಫಲ್, ಆಮೇಲೆ ತೂಕ ಅಂತ ಹಂತ ಹಂತವಾಗಿ ಏರಿಸುತ್ತಾರೆ. ನಿಮ್ಮ ಉಸ್ತಾದ್ (ತರಬೇತಿ ಕೊಡುವವರು) ನೂರಾರು ರಂಗ್ರೂಟರನ್ನು ಆ ಮೆಟ್ಟಿಲು ಹತ್ತಿಸಿದವರು. ಅವರಿಗಿಂತ ಮುಂಚೆ ನೀವೇ ಮೇಲಿನ ಮೆಟ್ಟಿಲಿಗೆ ಹಾರಿ ಕೂತರೆ ಅವರಿಗೇನೂ ಸಂತೋಷವಾಗದು.

ಹಾಗಾದರೆ ಎರಡು ತಿಂಗಳು ಏನು ಮಾಡಬೇಕು? ಓಟ ಬಿಟ್ಟು ತಿಂಗಳಾಗಿದ್ದರೆ ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ, ಸಲಕ್ಕೆ ಮೂರು ಕಿಲೋಮೀಟರ್, ಮಣ್ಣಿನ ದಾರಿಯಲ್ಲಿ, ಪಕ್ಕದವನ ಜೊತೆ ಮಾತಾಡಲು ಆಗುವಷ್ಟು ವೇಗದಲ್ಲಿ. ಎರಡು ವಾರ ಹೀಗೇ. ಆಮೇಲೆ ವಾರಕ್ಕೆ ಒಟ್ಟು ಒಂದು ಕಿಲೋಮೀಟರ್ ಮಾತ್ರ ಏರಿಸಿ. ನಾಲ್ಕನೇ ವಾರ ಏರಿಸಬೇಡಿ, ಮೂರನೇ ಒಂದು ಭಾಗ ಇಳಿಸಿ. ಏಳನೇ ವಾರದ ಒಟ್ಟು ಓಟ 14 ಕಿಲೋಮೀಟರ್ ದಾಟದಿರಲಿ, ಹೊರಡುವ ವಾರ ಅದರ ಅರ್ಧ. ಐದನೇ ವಾರದಿಂದ ಒಂದು ದಿನದ ಓಟದ ಬದಲು 400 ಮೀಟರನ್ನು ನಾಲ್ಕು ಸಲ ಜೋರಾಗಿ ಓಡಿ, ನಡುವೆ ಎರಡೆರಡು ನಿಮಿಷ ನಡೆಯಿರಿ. ಈಗಾಗಲೇ ವಾರಕ್ಕೆ 25 ಕಿಲೋಮೀಟರ್ ಓಡುತ್ತಿರುವವರು ಅಷ್ಟನ್ನೇ ಮುಂದುವರಿಸಿದರೆ ಸಾಕು. ತೂಕ ಹೊರುವ ಆಸೆ ತೀರಲೇಬೇಕಾದರೆ ವಾರಕ್ಕೊಂದು ಸಲ ಬೆನ್ನಿಗೆ ಐದು ಕಿಲೋ ಹೊತ್ತು ನಡೆಯಿರಿ, ಓಡಬೇಡಿ. ಓಟ ಇಲ್ಲದ ದಿನ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು 15ರಂತೆ ಮೂರು ಸಲ, ಬಸ್ಕಿ, ದಂಡ, ಪುಲ್‌ಅಪ್. ರ‍್ಯಾಲಿಯಲ್ಲಿ ಹತ್ತು ಪುಲ್‌ಅಪ್‌ಗೆ 40 ಅಂಕ ಸಿಕ್ಕಿತೆಂದು ಅಲ್ಲಿಗೇ ಬಿಡಬೇಡಿ, ಹಗ್ಗ ಹತ್ತುವಾಗ ಬೇಕಾಗುವುದು ಅದೇ ತೋಳು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಮನೆಯಲ್ಲೇ ಮುದ್ದೆಯೋ ರೊಟ್ಟಿಯೋ ಇರುವಾಗ ಡಬ್ಬಿಯ ಪುಡಿಗೆ ದುಡ್ಡು ಸುರಿಯಬೇಡಿ. ಬಿಸಿಲಿಗೆ ಮೈ ಒಡ್ಡಿ, ಏಳು ಗಂಟೆ ನಿದ್ದೆ ಮಾಡಿ.

ಹುಡುಗಿಯರೂ ಇದೇ ಪ್ರಶ್ನೆ ಕೇಳುತ್ತಿದ್ದಾರೆ, ಒಳ್ಳೆಯದೇ. ಬೆಂಗಳೂರಿನ ಮಿಲಿಟರಿ ಪೊಲೀಸ್ ಸೆಂಟರ್‌ನಿಂದ 83 ಮಹಿಳಾ ಸೈನಿಕರ ಮೊದಲ ತಂಡ 61 ವಾರಗಳ ತರಬೇತಿ ಮುಗಿಸಿ ಹೊರಬಂದದ್ದು 2021ರ ಮೇ 8ರಂದು. ಹುಡುಗಿಯರಿಗೆ ಮೇಲಿನ ಎಚ್ಚರಿಕೆ ಇನ್ನೂ ಒಂದು ಕೈ ಹೆಚ್ಚು ಬೇಕು, ಏಕೆಂದರೆ ಹೆಣ್ಣುಮಕ್ಕಳಲ್ಲಿ ಈ ಬಿರುಕು ಗಂಡುಮಕ್ಕಳಿಗಿಂತ ಹೆಚ್ಚು ಕಾಣುತ್ತದೆ. ತೂಕ ಇಳಿಸಲೆಂದು ಊಟ ಬಿಟ್ಟು ಓಡಿ ಮುಟ್ಟು ತಪ್ಪುತ್ತಿದ್ದರೆ ಅದು ಫಿಟ್‌ನೆಸ್ ಅಲ್ಲ, ಮೂಳೆ ಸೊರಗುತ್ತಿರುವ ಸೂಚನೆ. ಹೊರಡುವ ಮುಂಚೆಯೇ ಡಾಕ್ಟರಿಗೆ ತೋರಿಸಿ.

ಇಷ್ಟೆಲ್ಲ ಮಾಡಿಯೂ ಅಲ್ಲಿ ಕಾಲು ನೋಯಬಹುದು. ಯಾವ ನೋವಿಗೆ ಸುಮ್ಮನಿರಬೇಕು, ಯಾವುದಕ್ಕೆ ಬಾಯಿ ಬಿಡಬೇಕು? ಮೊಣಕಾಲಿನ ಕೆಳಗೆ, ಮೂಳೆಯ ಒಳ ಅಂಚಿನುದ್ದಕ್ಕೂ ಒಂದು ಗೇಣು ನೋವು, ಬೆಚ್ಚಗಾದ ಮೇಲೆ ಕಡಿಮೆಯಾಗುತ್ತದೆ ಅಂದರೆ ಸಾಮಾನ್ಯವಾಗಿ ಅದು ಶಿನ್ ಪೇನ್, ಬಿರುಕಲ್ಲ. ಒಂದೇ ಬೆರಳಲ್ಲಿ "ಇಲ್ಲೇ" ಅಂತ ಮುಟ್ಟಿ ತೋರಿಸಬಹುದಾದ ಜಾಗ, ಓಡಿದಷ್ಟೂ ಹೆಚ್ಚುವ ನೋವು, ಆಮೇಲೆ ನಡೆದರೂ ನೋವು, ಕೊನೆಗೆ ರಾತ್ರಿ ಮಲಗಿದರೂ ನೋವು ಅಂದರೆ ಅವತ್ತೇ ಹೇಳಬೇಕು. ತೊಡೆಸಂದಿಯಲ್ಲಿ ನೋವು ಬಂದು ಕುಂಟುವಂತಾದರೆ ಒಂದು ಹೆಜ್ಜೆಯನ್ನೂ ಓಡಬೇಡಿ. ಅಲ್ಲಿಯ ಬಿರುಕು ಪೂರ್ತಿ ಮುರಿದರೆ ಆಪರೇಷನ್‌ಗೇ ಹೋಗುತ್ತದೆ. ಮೊದಲ ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೆ ಬಿರುಕಿಲ್ಲ ಎಂದಲ್ಲ. ಅದು ಫಿಲ್ಮಿನಲ್ಲಿ ಕಾಣಲು ಎರಡು ಮೂರು ವಾರ ಹಿಡಿಯಬಹುದು. ನೋವು ಹಾಗೇ ಇದ್ದರೆ ಮತ್ತೆ ಹೋಗಿ ಹೇಳಿ.

ಹೇಳುವ ಕ್ರಮ ಸರಳ. ಬೆಳಿಗ್ಗೆ ಪಿ.ಟಿ.ಗೆ ಸಾಲುಗಟ್ಟುವ ಫಾಲ್‌ಇನ್‌ಗೆ ಮುಂಚೆಯೇ ಬ್ಯಾರಕ್‌ನ ಎನ್‌ಸಿಓಗೆ (ಹವಾಲ್ದಾರ್, ನಾಯಕ್ ದರ್ಜೆಯವರಿಗೆ) ಹೇಳಿ ಸಿಕ್ ರಿಪೋರ್ಟಿನಲ್ಲಿ ಹೆಸರು ಬರೆಸಬೇಕು, ಎಂ.ಐ. ರೂಮಿಗೆ (ಸೆಂಟರ್‌ನ ಡಾಕ್ಟರು ನೋಡುವ ಕೋಣೆ) ಹೋಗಬೇಕು. ಡಾಕ್ಟರು ಅಟೆಂಡ್ ಸಿ ಕೊಟ್ಟರೆ ಓಟ, ಪಿ.ಟಿ. ಇಲ್ಲ. ಅಟೆಂಡ್ ಬಿ ಅಂದರೆ ಹಾಸಿಗೆಯಲ್ಲೇ ವಿಶ್ರಾಂತಿ. ಪಿ.ಟಿ. ನಡುವೆ ಕೂತು "ಕಾಲು ನೋವು" ಅಂದವನನ್ನು ನಂಬುವುದು ಯಾವ ಉಸ್ತಾದ್‌ಗೂ ಕಷ್ಟ. ಫಾಲ್‌ಇನ್‌ಗೆ ಮುಂಚೆ ಅಂದದ್ದು ಅದಕ್ಕೇ.

ಹುಡುಗರು ಇದನ್ನು ಮುಚ್ಚಿಡುವುದು ರೆಲಿಗೇಶನ್ ಭಯಕ್ಕೆ. ಆ ಪದ ಕೇಳಿದರೆ ಊರಲ್ಲಿ "ಆರ್ಮಿಯಿಂದ ತೆಗೆದರಂತೆ" ಅಂತ ಸುದ್ದಿ. ರೆಲಿಗೇಶನ್ ಅಂದರೆ ತೆಗೆದುಹಾಕುವುದಲ್ಲ, ತಪ್ಪಿದ ತರಬೇತಿಯನ್ನು ನಿಮ್ಮ ನಂತರ ಸೇರಿದ ಬ್ಯಾಚಿನ ಜೊತೆ ಮುಗಿಸುವುದು. ಬೇಗ ಹೇಳಿದವನಿಗೆ ಆರೆಂಟು ವಾರದಲ್ಲಿ ಮೂಳೆ ಕೂಡುತ್ತದೆ. ಮುಚ್ಚಿಟ್ಟು ಓಡಿದವನಿಗೆ ತಿಂಗಳುಗಟ್ಟಲೆ ಆಸ್ಪತ್ರೆ. ಹಾಗೆಂದು ರೆಲಿಗೇಶನ್ ನೋಯಿಸುವುದಿಲ್ಲ ಅನ್ನುವುದೂ ಸುಳ್ಳು. ಒಟ್ಟಿಗೆ ತಲೆ ಬೋಳಿಸಿಕೊಂಡವರು, ಒಬ್ಬನ ಬಟನ್ ಬಿಚ್ಚಿತ್ತೆಂದು ಇಡೀ ಸೆಕ್ಷನ್ ರಗಡಾ (ಮೈ ದಂಡಿಸುವ ಶಿಕ್ಷೆ) ತಿಂದಾಗ ಜೊತೆಗಿದ್ದವರು, ಗುರಿ ಹಲಗೆಯ ಮೇಲೆ ಐದು ಗುಂಡಿನ ಮೊದಲ ಗ್ರೂಪಿಂಗ್ ಒಟ್ಟಿಗೆ ಎಣಿಸಿದವರು, ಪ್ರಮಾಣ ಮಾಡುವ ಕಸಮ್ ಪರೇಡಿನಲ್ಲಿ ಮುಂದೆ ಹೋಗುತ್ತಾರೆ, ನೀವು ಬ್ಯಾರಕ್ಕಿನಿಂದ ಬ್ಯಾಂಡಿನ ಸದ್ದು ಕೇಳುತ್ತೀರಿ. ಹೊಸ ಪ್ಲಟೂನಿನಲ್ಲಿ ಮೊದಲ ವಾರ ಊಟದ ಲಂಗರ್‌ನ ಸಾಲಿನಲ್ಲಿ ಒಬ್ಬರೇ. ಆಮೇಲೆ ಕಿಟ್ ಜೋಡಿಸುವುದು, ಹಾಸಿಗೆ ಸುತ್ತುವುದು, ಬೂಟಿನ ಪಾಲಿಶ್ ಎಲ್ಲ ಮೊದಲೇ ಬಲ್ಲವರು ನೀವೆಂದು ಅವರೇ ಹತ್ತಿರ ಬರುತ್ತಾರೆ.

ಸೆಂಟರ್‌ನಲ್ಲಿ ಬಡ್ಡಿ (ಜೋಡಿ ಗೆಳೆಯ) ಅಂದರೆ ಪಕ್ಕದ ಮಂಚದವನು. ನಿಮ್ಮ ಕುಂಟು ನಿಮಗಿಂತ ಮೊದಲು ಅವನಿಗೆ ಕಾಣುತ್ತದೆ. ಅವನು ಕುಂಟುತ್ತಿದ್ದರೆ ನೀವು ಹೇಳಿ. ಅದು ಚಾಡಿಯಲ್ಲ.

ಯಾರೂ ಕೇಳದ ಒಂದು ವಿಷಯವನ್ನೂ ಸೇರಿಸಿಬಿಡುತ್ತೇನೆ, ಭಾಷೆ. ಕನ್ನಡದ ಹುಡುಗರು ನೋವು ಹೇಳದಿರಲು ಭಯದಷ್ಟೇ ಕಾರಣ ಹಿಂದಿ ಬಾರದಿರುವುದು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್ ದಳ) ಸೆಂಟರ್‌ನಲ್ಲಿ ತಮಿಳು, ತೆಲುಗು, ಮಲಯಾಳ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಬೆಳಗಾವಿಯ ಮರಾಠಾ ಸೆಂಟರ್‌ನಲ್ಲಿ ಮರಾಠಿ. ಆದರೆ ಡ್ರಿಲ್‌ನ ಆಜ್ಞೆಗಳು ಎಲ್ಲೆಡೆ ಹಿಂದಿಯೇ. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್ (ಬಲಕ್ಕೆ), ಬಾಯೇ ಮುಡ್ (ಎಡಕ್ಕೆ), ಪೀಛೇ ಮುಡ್ (ಹಿಂದಕ್ಕೆ), ತೇಜ್ ಚಲ್, ಕದಮ್ ತಾಲ್ (ನಿಂತಲ್ಲೇ ಹೆಜ್ಜೆ), ಥಮ್: ಇವನ್ನು ಮನೆಯ ಅಂಗಳದಲ್ಲೇ ತಮ್ಮನ ಕೈಲಿ ಹೇಳಿಸಿ ತಿರುಗಿ ಕಲಿತುಹೋಗಿ. ಬಲ ಎಡ ತಪ್ಪುವುದು ಗಾಬರಿಗಿಂತ ಹೆಚ್ಚಾಗಿ ಪದ ಹೊಸದಾಗಿರುವುದರಿಂದ. ಇದರ ಜೊತೆಗೆ ಒಂದು ವಾಕ್ಯ ಬಾಯಿಪಾಠ ಇರಲಿ, "ಉಸ್ತಾದ್, ಪೈರ್ ಕೀ ಹಡ್ಡೀ ಮೇ ಏಕ್ ಹೀ ಜಗಹ್ ದರ್ದ್ ಹೈ, ಚಾರ್ ದಿನ್ ಸೇ." ಅಂದರೆ, ಕಾಲಿನ ಮೂಳೆಯಲ್ಲಿ ಒಂದೇ ಜಾಗದಲ್ಲಿ ನೋವಿದೆ, ನಾಲ್ಕು ದಿನದಿಂದ. ನಾಲ್ಕರ ಜಾಗದಲ್ಲಿ ಎಷ್ಟು ದಿನವೋ ಅಷ್ಟು ಹೇಳಿ. ಎಂ.ಐ. ರೂಮಿನಲ್ಲಿ ಮೊದಲು ಕೇಳುವುದು ಅದನ್ನೇ.